ಕಾರಿನ ವಾಟರ್ ಪಂಪ್ ಮನೆಯಲ್ಲೇ ಬದಲಿಸಿ: ಎಡವುವ ಜಾಗಗಳ ಸಮೇತ ಸಮಗ್ರ ಮಾರ್ಗದರ್ಶಿ

ಎಂಜಿನ್ ತಂಪಿಡುವ ನೀರನ್ನು ಓಡಾಡಿಸುವುದು ವಾಟರ್ ಪಂಪ್. ಹೊಸದು ಹಾಕಿದ ಹದಿನೈದು ದಿನಕ್ಕೆ ಮತ್ತೆ ಅದೇ ಜಾಗದಿಂದ ನೀರು ಸೋರುತ್ತದೆ. ಇಲ್ಲವೇ ಸೋರುವುದು ನಿಂತಿರುತ್ತದೆ, ಆದರೆ ಟ್ರಾಫಿಕ್‌ನಲ್ಲಿ ಎಂಜಿನ್ ಬಿಸಿಯಾಗುತ್ತದೆ. ಮನೆಯಲ್ಲಿ ಪಂಪ್ ಬದಲಿಸಿದವರ ದೂರು ಹೆಚ್ಚುಕಮ್ಮಿ ಈ ಎರಡೇ. ಅಂಗಡಿಯವನು ಡೂಪ್ಲಿಕೇಟ್ ಮಾಲು ಕೊಟ್ಟ ಅಂತ ಬೈದುಕೊಂಡು ಇನ್ನೊಂದು ಪಂಪ್ ತರುತ್ತಾರೆ. ಅದೂ ಹಾಗೇ ಆಗುತ್ತದೆ.

ಪಂಪ್ ಬಿಚ್ಚಿ ಹಾಕುವುದು ಈ ಕೆಲಸದಲ್ಲಿ ಸುಲಭದ ಭಾಗ. ಕೆಡುವುದು ಎರಡು ಕಡೆ. ಹಳೇ ಗ್ಯಾಸ್ಕೆಟ್ (ಸಂದಿಯಲ್ಲಿ ಸೋರದಂತೆ ಹಾಕುವ ತೆಳು ಪದರ) ಅಂಟಿದ್ದ ಜಾಗವನ್ನು ಪೂರ್ತಿ ಶುಚಿ ಮಾಡದೆ ಹೊಸದನ್ನು ಕೂರಿಸಿದಾಗ ಒಂದು. ಕೂಲೆಂಟ್ (ಎಂಜಿನ್ ತಂಪಿಡುವ ದ್ರವ, ಮಾತಿನಲ್ಲಿ ಬರೀ ನೀರು) ತುಂಬುವಾಗ ಒಳಗೆ ಗಾಳಿ ಉಳಿದಾಗ ಇನ್ನೊಂದು. ಆ ಎರಡು ಹಂತಗಳನ್ನು ಇಲ್ಲಿ ಉದ್ದಕ್ಕೇ ಬರೆದಿದ್ದೇನೆ, ಉಳಿದದ್ದು ಬೇಗ ಮುಗಿಯುತ್ತದೆ.

## ಬಿಚ್ಚುವ ಮೊದಲು: ಹೋಗಿರುವುದು ಪಂಪೇ ತಾನೆ?

ಕಾರಿನ ಕೆಳಗೆ ನೀರು ಕಂಡ ಕೂಡಲೇ ಪಂಪ್ ಹೋಯಿತು ಅಂದುಕೊಳ್ಳಬೇಡಿ. ಎಸಿ ಹಾಕಿದ್ದರೆ ಅದರ ನೀರೂ ಕೆಳಗೆ ತೊಟ್ಟಿಕ್ಕುತ್ತದೆ. ಬೆರಳಲ್ಲಿ ಮುಟ್ಟಿ ನೋಡಿ. ಎಸಿ ನೀರಿಗೆ ಬಣ್ಣವಿಲ್ಲ, ಜಿಗುಟಿಲ್ಲ. ಕೂಲೆಂಟ್ ಹಸಿರು, ಕೆಂಪು ಅಥವಾ ನೀಲಿ ಇರುತ್ತದೆ, ಬೆರಳಿಗೆ ಜಾರುಜಾರು ಅನಿಸುತ್ತದೆ, ಒಂಥರಾ ಸಿಹಿ ವಾಸನೆ. ವಾಸನೆ ನೋಡಿ ಸಾಕು, ರುಚಿ ನೋಡಬೇಡಿ. ಅದು ವಿಷ.

ಕೂಲೆಂಟೇ ಅಂತ ಖಾತ್ರಿಯಾದರೆ ಟಾರ್ಚ್ ಹಿಡಿದು ಪಂಪ್‌ನ ಕೆಳಭಾಗ ನೋಡಿ. ಅಲ್ಲಿ ಕಡಲೆಕಾಳು ತೂರುವಷ್ಟೂ ಇಲ್ಲದ ಒಂದು ಸಣ್ಣ ತೂತು ಇರುತ್ತದೆ. ಒಳಗಿನ ಸೀಲ್ ಸವೆದಾಗ ನೀರು ಬೇರಿಂಗ್‌ಗೆ ನುಗ್ಗದೆ ಹೊರಗೆ ಬರಲಿ ಎಂದೇ ಕಂಪನಿ ಬಿಟ್ಟ ತೂತು ಅದು. ಅದರ ಕೆಳಗೆ ಒಣಗಿದ ಬಣ್ಣದ ಗೆರೆ, ಬಿಳಿ ಪುಡಿ ಅಥವಾ ತುಕ್ಕಿನ ಕಲೆ ಕಂಡರೆ ಪಂಪ್ ಹೋಗಿದೆ. ಆ ತೂತಿಗೆ ಎಂ-ಸೀಲ್ ಮೆತ್ತಿ ಮುಚ್ಚುವವರಿದ್ದಾರೆ. ಹಾಗೆ ಮಾಡಿದರೆ ಹೊರಗೆ ಬರಬೇಕಾದ ನೀರು ಬೇರಿಂಗ್ ಕಡೆ ಹೋಗುತ್ತದೆ, ಪಂಪ್ ದಾರಿಯಲ್ಲೇ ಜಾಮ್ ಆಗಿ ಬೆಲ್ಟ್ ಕಿತ್ತುಹೋಗುತ್ತದೆ.

ಇನ್ನೊಂದು ಪರೀಕ್ಷೆ: ಎಂಜಿನ್ ಆಫ್ ಮಾಡಿ, ಪಂಪ್ ಪುಲ್ಲಿಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಟಕ್ ಟಕ್ ಅಂತ ಆಡಿದರೆ ಬೇರಿಂಗ್ ಹೋಗಿದೆ. ಸಣ್ಣ ಆಟವೂ ಇರಬಾರದು.

ಎಂಜಿನ್ ಬಿಸಿಯಾಗುತ್ತಿದೆ, ಆದರೆ ಎಲ್ಲೂ ಸೋರಿಕೆ ಇಲ್ಲ ಅಂದರೆ ಮೊದಲು ರೇಡಿಯೇಟರ್ ಕ್ಯಾಪ್, ಫ್ಯಾನ್ ಮತ್ತು ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ರೇಡಿಯೇಟರ್‌ಗೆ ನೀರು ಬಿಡುವ ಕವಾಟ) ನೋಡಿ. ಕೂಲೆಂಟ್ ಟ್ಯಾಂಕಿನಲ್ಲಿ ಗುಳ್ಳೆ ನಿಲ್ಲದೆ ಏಳುತ್ತಿದೆ, ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ಬಿಡದೆ ಬರುತ್ತಿದೆ, ಆಯಿಲ್ ಹಾಲು ಕಾಫಿ ಬಣ್ಣಕ್ಕೆ ತಿರುಗಿದೆ ಅಂದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲೆ ಕೂರುವ ಹೆಡ್ ನಡುವಿನ ಗ್ಯಾಸ್ಕೆಟ್) ಮೇಲೆ ಅನುಮಾನ ಪಡಿ. ಪಂಪ್ ಬದಲಿಸಿ ಅದು ಸರಿಹೋಗುವುದಿಲ್ಲ.

## ನಿಮ್ಮ ಕಾರಿನಲ್ಲಿ ಪಂಪ್ ಎಲ್ಲಿ ಕೂತಿದೆ?

ಇದನ್ನು ತಿಳಿಯದೆ ಸ್ಪ್ಯಾನರ್ ಹಿಡಿಯಬೇಡಿ. ಮಾರುತಿಯ ಕೆ ಸರಣಿಯ ಪೆಟ್ರೋಲ್ ಎಂಜಿನ್ ಇರುವ ವ್ಯಾಗನ್ ಆರ್, ಸ್ವಿಫ್ಟ್, ಆಲ್ಟೊ ಕೆ10 ಇಂಥ ಕಾರುಗಳಲ್ಲಿ ಟೈಮಿಂಗ್ ಚೈನ್ (ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆಯುವಂತೆ ನೋಡಿಕೊಳ್ಳುವ ಸರಪಳಿ) ಒಳಗಿರುತ್ತದೆ. ಪಂಪ್ ಹೊರಗಿದ್ದು ಫ್ಯಾನ್ ಬೆಲ್ಟ್‌ನಿಂದ ತಿರುಗುತ್ತದೆ. ಟೈಮಿಂಗ್ ಮುಟ್ಟದೆ ಪಂಪ್ ತೆಗೆಯಬಹುದು. ಈ ಬರಹ ಇಂಥ ಕಾರುಗಳಿಗಾಗಿ.

ಹಳೇ ಎಸ್ಟೀಮ್, 1.3 ಲೀಟರ್ ಜಿಪ್ಸಿಗಳ ಕಥೆ ಬೇರೆ. ಅವುಗಳಲ್ಲಿ ಪುಲ್ಲಿ ಹೊರಗೆ ಕಾಣುತ್ತದೆ, ಆದರೆ ಪಂಪ್‌ನ ಮೈ ಟೈಮಿಂಗ್ ಬೆಲ್ಟ್‌ನ (ಚೈನ್ ಬದಲು ಅದೇ ಕೆಲಸ ಮಾಡುವ ಬೆಲ್ಟ್) ಹಿಂದೆ ಇರುತ್ತದೆ. ಬೆಲ್ಟ್ ಇಳಿಸದೆ ಪಂಪ್ ಬರುವುದಿಲ್ಲ. ಇಳಿಸಿದ ಬೆಲ್ಟ್ ಒಂದು ಹಲ್ಲು ತಪ್ಪಿ ಕೂತರೂ ಎಂಜಿನ್ ಸರಿಯಾಗಿ ಓಡುವುದಿಲ್ಲ. ಎಷ್ಟೋ ಎಂಜಿನ್‌ಗಳಲ್ಲಿ ಟೈಮಿಂಗ್ ತಪ್ಪಿದರೆ ವಾಲ್ವ್ ಪಿಸ್ಟನ್‌ಗೆ ಬಡಿದು ಬಗ್ಗಿಬಿಡುತ್ತದೆ. ಟೈಮಿಂಗ್ ಮಾರ್ಕ್ ಕೂಡಿಸಿ ಅಭ್ಯಾಸವಿಲ್ಲದವರು ಇದನ್ನು ಮೆಕ್ಯಾನಿಕ್‌ಗೆ ಬಿಡುವುದೇ ವಾಸಿ. ಅಭ್ಯಾಸವಿದೆ ಅಂದರೆ ಒಂದು ಮಾತು ನೆನಪಿರಲಿ: ಈ ಎಂಜಿನ್‌ನಲ್ಲಿ ಪಂಪ್ ಮತ್ತು ಆಯಿಲ್ ಪಂಪ್ ನಡುವೆ ಒಂದು, ಪಂಪ್ ಮತ್ತು ಹೆಡ್ ನಡುವೆ ಇನ್ನೊಂದು ಸಣ್ಣ ರಬ್ಬರ್ ತುಂಡು ಇರುತ್ತದೆ. ಹಳೇ ಪಂಪ್ ಜೊತೆ ಅದೂ ಕಸದ ಬುಟ್ಟಿ ಸೇರುತ್ತದೆ, ಮತ್ತೆ ಹಾಕುವುದು ಮರೆತೇಹೋಗುತ್ತದೆ. ಟೈಮಿಂಗ್ ಬೆಲ್ಟ್ ಇಳಿಸಿದ ಮೇಲೆ ಬೆಲ್ಟ್, ಟೆನ್ಷನರ್ ಎರಡನ್ನೂ ಹೊಸದೇ ಹಾಕಿ. ಅದೇ ಕೂಲಿಯನ್ನು ಎರಡು ಸಲ ಯಾಕೆ ಕೊಡಬೇಕು?

## ಬೇಕಾದ ಸಾಮಾನು

8, 10, 12, 14 ಮಿಲಿಮೀಟರ್ ಸಾಕೆಟ್‌ಗಳು, ಒಂದು ಉದ್ದ ಎಕ್ಸ್‌ಟೆನ್ಷನ್, ಅದೇ ಅಳತೆಯ ರಿಂಗ್ ಸ್ಪ್ಯಾನರ್. ಹೋಸ್ ಕ್ಲಿಪ್ ಹಿಡಿಯಲು ಇಕ್ಕಳ. ಜ್ಯಾಕ್, ಮತ್ತು ಅದಕ್ಕಿಂತ ಮುಖ್ಯವಾಗಿ ಜ್ಯಾಕ್ ಸ್ಟ್ಯಾಂಡ್. ಎಂಟು ಲೀಟರ್ ಹಿಡಿಯುವ ಟಬ್. ಪ್ಲಾಸ್ಟಿಕ್ ಸ್ಕ್ರೇಪರ್, ಬನಿಯನ್ ವೇಸ್ಟ್, ಬ್ರೇಕ್ ಕ್ಲೀನರ್ ಅಥವಾ ಥಿನ್ನರ್. ಉದ್ದ ಬಾಯಿಯ ಫನಲ್.

ಟಾರ್ಕ್ ರೆಂಚ್ (ಬೋಲ್ಟ್ ಎಷ್ಟು ಬಿಗಿಯಾಯಿತು ಎಂದು ಅಳೆಯುವ ಸ್ಪ್ಯಾನರ್) ಇಲ್ಲದೆ ಆಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಅನುಭವಿ ಕೈಗೆ ಆಗುತ್ತದೆ, ಹೊಸಬರಿಗೆ ಇಲ್ಲ. ಚಕ್ರದ ನಟ್‌ಗೆ ಬಳಸುವ ದೊಡ್ಡ ಟಾರ್ಕ್ ರೆಂಚ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. 5ರಿಂದ 25 ನ್ಯೂಟನ್ ಮೀಟರ್ ಅಳೆಯುವ ಚಿಕ್ಕದು ಬೇಕು.

ಪಂಪ್ ತರುವಾಗ ಗ್ಯಾಸ್ಕೆಟ್ ಅಥವಾ ಓ-ರಿಂಗ್, ಥರ್ಮೋಸ್ಟಾಟ್, ಫ್ಯಾನ್ ಬೆಲ್ಟ್, ರೇಡಿಯೇಟರ್ ಕ್ಯಾಪ್ ಎಲ್ಲವನ್ನೂ ಒಟ್ಟಿಗೆ ತನ್ನಿ. ಬೆಂಗಳೂರಿನವರು ಬಿಡಿಭಾಗದ ಅಂಗಡಿಗಳಿರುವ ಜೆಸಿ ರಸ್ತೆಗೆ ಹೋಗುವುದಾದರೆ ಆರ್‌ಸಿ ಪುಸ್ತಕದ ಫೋಟೋ ಇಟ್ಟುಕೊಳ್ಳಿ. ಒಂದೇ ಹೆಸರಿನ ಕಾರಿಗೆ ವರ್ಷ ಬದಲಾದಂತೆ ಪಂಪ್ ಬದಲಾಗುತ್ತದೆ. ಚಾಸಿಸ್ ನಂಬರ್ ಹೇಳಿದರೆ ಅಂಗಡಿಯವರಿಗೂ ಸುಲಭ.

## ಹಂತ 1: ತಣ್ಣಗಾಗಲು ಬಿಡಿ, ಭದ್ರವಾಗಿ ಎತ್ತಿ ನಿಲ್ಲಿಸಿ

ರಾತ್ರಿ ನಿಲ್ಲಿಸಿದ ಕಾರನ್ನು ಬೆಳಿಗ್ಗೆ ಮುಟ್ಟಿ. ಬಿಸಿ ಎಂಜಿನ್‌ನ ರೇಡಿಯೇಟರ್ ಕ್ಯಾಪ್ ತೆರೆದರೆ ಕುದಿಯುವ ನೀರು ಮುಖಕ್ಕೇ ಹಾರುತ್ತದೆ. ಬಟ್ಟೆ ಸುತ್ತಿ ನಿಧಾನ ತೆರೆದರೆ ಏನಾಗಲ್ಲ ಎನ್ನುವ ಮಾತನ್ನು ನಂಬಬೇಡಿ.

ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಡಿ. ಕೆಲವು ಕಾರಿನಲ್ಲಿ ಕೀ ತೆಗೆದ ಮೇಲೂ ರೇಡಿಯೇಟರ್ ಫ್ಯಾನ್ ತಿರುಗಬಹುದು. ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಬೆಲ್ಟ್ ಇರುವ ಕಡೆ ಕಾರನ್ನು ಜ್ಯಾಕ್‌ನಿಂದ ಎತ್ತಿ, ಜ್ಯಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ. ಆ ಕಡೆಯ ಮುಂದಿನ ಚಕ್ರ ಬಿಚ್ಚಿ, ಒಳಗಿನ ಪ್ಲಾಸ್ಟಿಕ್ ಕವರ್ ತೆಗೆದರೆ ಪುಲ್ಲಿಗಳು ಎದುರಿಗೇ ಬರುತ್ತವೆ. ಜ್ಯಾಕ್ ಒಂದನ್ನೇ ನಂಬಿ, ಅಥವಾ ಇಟ್ಟಿಗೆ, ಸಿಮೆಂಟ್ ಬ್ಲಾಕ್ ಮೇಲೆ ಕಾರು ಕೂರಿಸಿ ಕೆಳಗೆ ಹೋಗಬೇಡಿ. ಬ್ಲಾಕ್ ಬಿರುಕು ಬಿಡುವ ಮುಂಚೆ ಸದ್ದು ಮಾಡುವುದಿಲ್ಲ.

## ಹಂತ 2: ಕೂಲೆಂಟ್ ಇಳಿಸಿ

ಟಬ್ ಇಟ್ಟು ರೇಡಿಯೇಟರ್ ಕೆಳಗಿನ ಡ್ರೈನ್ ತಿರುಪು ಸಡಿಲಿಸಿ, ಆಮೇಲೆ ಮೇಲಿನ ಕ್ಯಾಪ್ ತೆರೆಯಿರಿ. ಡ್ರೈನ್ ತಿರುಪು ಪ್ಲಾಸ್ಟಿಕ್‌ನದು, ಹಳತಾಗಿ ಗಡಸಾಗಿರುತ್ತದೆ. ಕೈಯಲ್ಲಿ ತಿರುಗದಿದ್ದರೆ ಬಲ ಹಾಕಬೇಡಿ, ಕೆಳಗಿನ ಹೋಸ್ ಬಿಚ್ಚಿ ಇಳಿಸಿ.

ಬಂದ ನೀರಿನ ಬಣ್ಣ ನೋಡಿ. ಕಂದು ಬಣ್ಣವಿದ್ದು ಕೆಸರಿನಂತೆ ಇದ್ದರೆ ಇಷ್ಟು ದಿನ ಕೂಲೆಂಟ್ ಬದಲು ಬರೀ ನಲ್ಲಿ ನೀರು ಓಡಾಡಿದೆ ಎಂದರ್ಥ. ಆಗ ಡ್ರೈನ್ ಮುಚ್ಚಿ, ಶುದ್ಧ ನೀರು ತುಂಬಿ, ಮತ್ತೆ ಇಳಿಸಿ. ತಿಳಿ ನೀರು ಬರುವವರೆಗೂ ಹೀಗೆ ಮಾಡಿ. ತುಕ್ಕಿನ ಕಣಗಳು ಉಳಿದರೆ ಹೊಸ ಪಂಪ್‌ನ ಸೀಲ್ ಬೇಗ ಸವೆಯುತ್ತದೆ.

ಇಳಿಸಿದ ಕೂಲೆಂಟ್ ಇರುವ ಟಬ್ ಅನ್ನು ಅಂಗಳದಲ್ಲಿ ತೆರೆದಿಡಬೇಡಿ. ಸಿಹಿಯಾಗಿರುವ ಕಾರಣ ನಾಯಿ, ಬೆಕ್ಕು ನೆಕ್ಕುತ್ತವೆ, ಸ್ವಲ್ಪ ಒಳಹೋದರೂ ಕಿಡ್ನಿ ಕೆಟ್ಟು ಸಾಯುತ್ತವೆ. ಮುಚ್ಚಳವಿರುವ ಕ್ಯಾನ್‌ಗೆ ತುಂಬಿ, ಮೇಲೆ ಬರೆದಿಡಿ. ಚರಂಡಿಗೂ ಸುರಿಯಬೇಡಿ, ಹಳೇ ಆಯಿಲ್ ತೆಗೆದುಕೊಳ್ಳುವ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ ಕೊಡಿ.

## ಹಂತ 3: ಮೊದಲು ಪುಲ್ಲಿ ಬೋಲ್ಟ್, ಆಮೇಲೆ ಬೆಲ್ಟ್

ಈ ಕ್ರಮ ತಪ್ಪಿದರೆ ಅರ್ಧ ಗಂಟೆ ಸುಮ್ನೆ ಹೋಗುತ್ತದೆ. ಬೆಲ್ಟ್ ಬಿಗಿಯಾಗಿದ್ದಾಗ ಪುಲ್ಲಿ ತಿರುಗದೆ ನಿಲ್ಲುತ್ತದೆ, ಅದರ ಬೋಲ್ಟ್‌ಗಳು ಸಲೀಸಾಗಿ ಸಡಿಲವಾಗುತ್ತವೆ. ಬೆಲ್ಟ್ ತೆಗೆದುಬಿಟ್ಟರೆ ಸ್ಪ್ಯಾನರ್ ಜೊತೆ ಪುಲ್ಲಿಯೂ ಗಿರಗಿರ ತಿರುಗುತ್ತದೆ. ಆದ್ದರಿಂದ ಬೋಲ್ಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ, ನಂತರ ಬೆಲ್ಟ್ ಇಳಿಸಿ, ಆಮೇಲೆ ಪುಲ್ಲಿ ಪೂರ್ತಿ ಬಿಚ್ಚಿ.

ಬೆಲ್ಟ್ ದಾರಿಯ ಫೋಟೋ ಮೊದಲೇ ತೆಗೆದಿಡಿ. ಎಸಿ ಬೆಲ್ಟ್ ಬೇರೆ ಇದ್ದು ಅಡ್ಡ ಬಂದರೆ ಅದನ್ನು ಮೊದಲು ಇಳಿಸಬೇಕಾಗುತ್ತದೆ. ಎಸಿ ಪೈಪ್‌ಗಳನ್ನು ಮಾತ್ರ ಎಲ್ಲೂ ಬಿಚ್ಚಬೇಡಿ, ಒಳಗೆ ಒತ್ತಡದಲ್ಲಿ ಗ್ಯಾಸ್ ಇರುತ್ತದೆ. ಎಂಜಿನ್ ಮೌಂಟ್ (ಎಂಜಿನನ್ನು ಕಾರಿಗೆ ಹಿಡಿದಿಡುವ ಭಾಗ) ಅಡ್ಡವಿದ್ದರೆ, ಎಂಜಿನ್ ತಳದ ಆಯಿಲ್ ಸಂಪ್ ಕೆಳಗೆ ಮರದ ಹಲಗೆ ಇಟ್ಟು ಜ್ಯಾಕ್‌ನಿಂದ ಎಂಜಿನ್‌ಗೆ ಆಸರೆ ಕೊಟ್ಟ ಮೇಲೆಯೇ ಮೌಂಟ್ ತೆಗೆಯಿರಿ. ಎತ್ತುವುದು ಬೇಡ, ಆತುಕೊಂಡರೆ ಸಾಕು.

## ಹಂತ 4: ಹಳೇ ಪಂಪ್ ಇಳಿಸಿ

ಒಂದು ರಟ್ಟಿನ ಮೇಲೆ ಪಂಪ್‌ನ ಆಕಾರ ಬರೆದು, ಬೋಲ್ಟ್ ಇರುವಲ್ಲೆಲ್ಲ ತೂತು ಮಾಡಿ. ಬಿಚ್ಚಿದ ಬೋಲ್ಟನ್ನು ಅದರದೇ ತೂತಿಗೆ ಚುಚ್ಚಿಡಿ. ಬೋಲ್ಟ್‌ಗಳ ಉದ್ದ ಒಂದೇ ಇರುವುದಿಲ್ಲ. ಉದ್ದದ್ದನ್ನು ಗಿಡ್ಡ ತೂತಿಗೆ ಹಾಕಿದರೆ ತಳ ತಾಗಿ ನಿಲ್ಲುತ್ತದೆ. ಕೈಗೆ ಬಿಗಿಯಾದಂತೆ ಅನಿಸುತ್ತದೆ, ಪಂಪ್ ಮಾತ್ರ ಒತ್ತಿ ಕೂತಿರುವುದಿಲ್ಲ. ಇನ್ನೂ ಬಲ ಹಾಕಿದರೆ ಎಂಜಿನ್ ಬ್ಲಾಕ್ ಬಿರಿಯುತ್ತದೆ.

ತುಕ್ಕು ಹಿಡಿದ ಬೋಲ್ಟ್‌ಗೆ ಹಿಂದಿನ ರಾತ್ರಿಯೇ ಡಬ್ಲ್ಯುಡಿ-40 ಹೊಡೆದಿಡಿ. ಸಡಿಲಿಸುವಾಗ ಕಿರ್ ಅಂತ ಸದ್ದು ಮಾಡಿ, ಸ್ಪ್ರಿಂಗ್ ಥರ ಹಿಡಿದೆಳೆದರೆ ನಿಲ್ಲಿಸಿ. ಅದು ಮುರಿಯುವ ಸೂಚನೆ. ಸ್ವಲ್ಪ ಬಿಗಿ ಮಾಡಿ, ಸ್ವಲ್ಪ ಸಡಿಲಿಸಿ, ಮತ್ತೆ ಎಣ್ಣೆ ಬಿಡಿ. ಇಲ್ಲಿ ಅವಸರ ಮಾಡಿ ಬೋಲ್ಟ್ ತಲೆ ಮುರಿದುಕೊಂಡರೆ ಲೇತ್ ಅಂಗಡಿಯವರನ್ನು ಮನೆಗೆ ಕರೆಸಬೇಕಾಗುತ್ತದೆ.

ಬೋಲ್ಟ್ ಎಲ್ಲ ಬಂದ ಮೇಲೂ ಪಂಪ್ ಅಂಟಿಕೊಂಡಿರುತ್ತದೆ. ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ಪಕ್ಕದಿಂದ ಮೆಲ್ಲಗೆ ತಟ್ಟಿ. ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಅಲ್ಯೂಮಿನಿಯಂ ಮೇಲೆ ಗೀರು ಬೀಳುತ್ತದೆ, ಆ ಗೀರಿನಿಂದ ಮುಂದೆ ಸೋರುತ್ತದೆ. ಪಂಪ್ ಬಂದಾಗ ಬ್ಲಾಕ್‌ನೊಳಗೆ ಉಳಿದ ಒಂದಷ್ಟು ಕೂಲೆಂಟ್ ಭರ್ರನೆ ಸುರಿಯುತ್ತದೆ. ಟಬ್ ಅಲ್ಲೇ ಇರಲಿ, ಮುಖ ಪಕ್ಕಕ್ಕಿರಲಿ.

## ಹಂತ 5: ಪಂಪ್ ಕೂರುವ ಜಾಗ ಶುಚಿ ಮಾಡಿ

ಎಷ್ಟು ಹೊತ್ತು ಬೇಕಾದರೂ ಹಿಡಿಯಲಿ, ಇಲ್ಲಿ ಗಡಿಬಿಡಿ ಬೇಡ. ಮೊದಲು ನೀರು ಹೋಗುವ ದೊಡ್ಡ ತೂತಿಗೆ ಬಟ್ಟೆ ತುರುಕಿ, ಕೆರೆದ ಪುಡಿ ಒಳಗೆ ಬೀಳಬಾರದು. ಹಳೇ ಗ್ಯಾಸ್ಕೆಟ್ ಕಾಗದ, ಒಣಗಿದ ಅನಾಬಾಂಡ್ (ಸೋರಿಕೆ ತಡೆಯಲು ಹಚ್ಚುವ ಪೇಸ್ಟ್) ಎರಡನ್ನೂ ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಚಪ್ಪಟೆಯಾಗಿ ಹಿಡಿದು ಕೆರೆಯಿರಿ. ಬಿಡದಿದ್ದರೆ ಥಿನ್ನರ್ ಒದ್ದೆ ಮಾಡಿದ ಬಟ್ಟೆಯನ್ನು ಅದರ ಮೇಲೆ ಹತ್ತು ನಿಮಿಷ ಒತ್ತಿಡಿ, ಮೆದುವಾಗುತ್ತದೆ. ಥಿನ್ನರ್, ಬ್ರೇಕ್ ಕ್ಲೀನರ್ ಎರಡೂ ಬೆಂಕಿ ಹಿಡಿಯುವಂಥವು, ಹತ್ತಿರ ಬೀಡಿ ಸಿಗರೇಟ್ ಬೇಡ.

ಗ್ರೈಂಡರ್‌ಗೆ ಸ್ಯಾಂಡಿಂಗ್ ಡಿಸ್ಕ್ ಹಾಕಿ ಉಜ್ಜುವುದನ್ನು ಗ್ಯಾರೇಜ್‌ಗಳಲ್ಲಿ ನೋಡಿರುತ್ತೀರಿ. ಮನೆಯಲ್ಲಿ ಅದನ್ನು ಮಾಡಬೇಡಿ. ಅಲ್ಯೂಮಿನಿಯಂ ಮೆತ್ತಗಿನ ಲೋಹ. ಕಣ್ಣಿಗೆ ಕಾಣದ ಹಳ್ಳ ಬಿದ್ದರೂ ಹೊಸ ಗ್ಯಾಸ್ಕೆಟ್ ಅಲ್ಲಿ ಒತ್ತುವುದಿಲ್ಲ.

ಶುಚಿಯಾಯಿತು ಅನಿಸಿದಾಗ ಕಣ್ಣು ಮುಚ್ಚಿ, ಉಗುರನ್ನು ಅಂಚಿನ ಸುತ್ತ ಪೂರ್ತಿ ಎಳೆಯಿರಿ. ಕಣ್ಣಿಗೆ ತಪ್ಪಿದ್ದು ಉಗುರಿಗೆ ಸಿಗುತ್ತದೆ. ಹೆಚ್ಚಾಗಿ ಕೆಳಭಾಗದ ಬೋಲ್ಟ್ ತೂತಿನ ಪಕ್ಕ, ಕೈ ಸುಲಭವಾಗಿ ಹೋಗದ ಕಡೆ ಒಂದು ಚೂರು ಉಳಿದಿರುತ್ತದೆ. ಎಲ್ಲೂ ಉಗುರು ಸಿಕ್ಕಿಕೊಳ್ಳದಿದ್ದರೆ ಬ್ರೇಕ್ ಕ್ಲೀನರ್‌ನಿಂದ ಒರೆಸಿ, ಒಣಗಲು ಬಿಡಿ. ಬೋಲ್ಟ್ ತೂತಿನೊಳಗೆ ನಿಂತ ನೀರನ್ನೂ ತೆಗೆಯಿರಿ. ಆಮೇಲೆ ತುರುಕಿದ ಬಟ್ಟೆ ಹೊರಗೆ ತೆಗೆಯುವುದನ್ನು ಮರೆಯಬೇಡಿ.

## ಹಂತ 6: ಹೊಸ ಪಂಪ್ ಕೂರಿಸಿ

ಹಳೇ, ಹೊಸ ಪಂಪ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬೋಲ್ಟ್ ತೂತು, ಪುಲ್ಲಿ ಕೂರುವ ಎತ್ತರ, ರೆಕ್ಕೆಗಳ ಆಕಾರ ಒಂದೇ ಇರಬೇಕು. ಎತ್ತರ ಒಂದೆರಡು ಮಿಲಿಮೀಟರ್ ಬೇರೆ ಇದ್ದರೂ ಬೆಲ್ಟ್ ಓರೆಯಾಗಿ ಓಡಿ ಅಂಚು ಹರಿಯುತ್ತದೆ.

ಇನ್ನು ಅನಾಬಾಂಡ್ ವಿಷಯ. ಪಂಪ್ ಜೊತೆ ರಬ್ಬರ್ ಓ-ರಿಂಗ್ ಬಂದಿದ್ದರೆ ಅಥವಾ ರಬ್ಬರ್ ಅಂಚಿನ ಲೋಹದ ಗ್ಯಾಸ್ಕೆಟ್ ಇದ್ದರೆ ಅದಕ್ಕೆ ಏನೂ ಹಚ್ಚಬಾರದು. ಓ-ರಿಂಗ್‌ಗೆ ಸ್ವಲ್ಪ ಕೂಲೆಂಟ್ ಸವರಿದರೆ ಸಾಕು. ಕಾಗದದ ಗ್ಯಾಸ್ಕೆಟ್ ಆದರೆ ಏನೂ ಹಚ್ಚದೆ ಹಾಗೆಯೇ ಹಾಕಬಹುದು. ಗ್ಯಾಸ್ಕೆಟ್ಟೇ ಇಲ್ಲದೆ ಪೇಸ್ಟ್ ಮೇಲೆ ಕೂರುವ ಪಂಪ್ ಆದರೆ ಮಾತ್ರ ಎರಡು ಮೂರು ಮಿಲಿಮೀಟರ್ ದಪ್ಪದ ಒಂದೇ ಗೆರೆಯನ್ನು, ಎಲ್ಲೂ ತುಂಡಾಗದಂತೆ, ಬೋಲ್ಟ್ ತೂತಿನ ಒಳಬದಿಯಿಂದ ಎಳೆಯಿರಿ. ಜಾಸ್ತಿ ಹಚ್ಚಿದರೆ ಭದ್ರ ಅನ್ನುವುದು ಸುಳ್ಳು. ಒಳಗೆ ಒತ್ತಿಬಂದ ಪೇಸ್ಟ್ ಕಳಚಿ ರೇಡಿಯೇಟರ್‌ನ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಪೇಸ್ಟ್ ಹಚ್ಚಿದ್ದರೆ ಟ್ಯೂಬ್ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಟ್ಟು ಆಮೇಲೆ ನೀರು ತುಂಬಿ.

ಎಲ್ಲ ಬೋಲ್ಟ್‌ಗಳನ್ನು ಮೊದಲು ಬೆರಳಿನಿಂದಲೇ ಕೊನೆಯವರೆಗೆ ತಿರುಗಿಸಿ. ಎರಡು ಸುತ್ತಿಗೇ ಬಿಗಿಯಾದರೆ ಮರೆ (ಥ್ರೆಡ್) ಹತ್ತಿಲ್ಲ, ಹೊರತೆಗೆದು ಮತ್ತೆ ಹಾಕಿ. ನಂತರ ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಸ್ವಲ್ಪಸ್ವಲ್ಪವೇ ಬಿಗಿ ಮಾಡಿ. ತಲೆಗೆ 10 ಮಿಲಿಮೀಟರ್ ಸ್ಪ್ಯಾನರ್ ಬೀಳುವ ಸಣ್ಣ ಬೋಲ್ಟ್‌ಗಳಿಗೆ ಸಾಮಾನ್ಯವಾಗಿ 10ರಿಂದ 12 ನ್ಯೂಟನ್ ಮೀಟರ್ ಸಾಕು. ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ. ಇದು ತೋಳಿನ ಬಲದ ಕೆಲಸವೇ ಅಲ್ಲ, ಮಣಿಕಟ್ಟಿನದು. ಬೋಲ್ಟ್ ಬಿಗಿಯಾಗುತ್ತಾ ಬಂದು ಇದ್ದಕ್ಕಿದ್ದಂತೆ ಹಗುರವಾದರೆ ಒಳಗಿನ ಮರೆ ಕಿತ್ತುಬಂದಿದೆ. ಅದನ್ನು ಪೇಸ್ಟ್ ಹಾಕಿ ಮುಚ್ಚಿಡಬೇಡಿ, ಹೊಸ ಮರೆ ಹಾಕಿಸಲೇಬೇಕು.

ಕೊನೆಗೆ ಪಂಪ್‌ನ ಶಾಫ್ಟ್ ಕೈಯಲ್ಲಿ ತಿರುಗಿಸಿ ನೋಡಿ. ಎಲ್ಲೂ ಉಜ್ಜಬಾರದು.

## ಹಂತ 7: ಪುಲ್ಲಿ, ಬೆಲ್ಟ್, ಹೋಸ್

ಪುಲ್ಲಿ ಕೂರಿಸಿ, ಬೆಲ್ಟ್ ಹಾಕಿ, ಬೆಲ್ಟ್ ಬಿಗಿಯಾದ ಮೇಲೆ ಪುಲ್ಲಿ ಬೋಲ್ಟ್‌ಗಳನ್ನು ಕೊನೆಯ ಸಲ ಬಿಗಿ ಮಾಡಿ. ಬೆಲ್ಟಿನ ಪ್ರತಿ ಗೆರೆಯೂ ಪುಲ್ಲಿಯ ಗೆರೆಯಲ್ಲಿ ಕೂತಿದೆಯಾ ಅಂತ ಬೆರಳು ಆಡಿಸಿ ನೋಡಿ. ಬೆಲ್ಟ್ ಅತಿ ಬಿಗಿಯಾದರೆ ಹೊಸ ಪಂಪ್‌ನ ಬೇರಿಂಗ್ ಕೆಲವೇ ತಿಂಗಳಲ್ಲಿ ಕೂಗಲು ಶುರುಮಾಡುತ್ತದೆ. ಸಡಿಲವಾದರೆ ಸ್ಟಾರ್ಟ್ ಮಾಡಿದ ಕೂಡಲೇ ಬೆಲ್ಟ್ ಕಿರುಚುತ್ತದೆ. ಥರ್ಮೋಸ್ಟಾಟ್ ಬದಲಿಸುವುದಿದ್ದರೆ ಈಗಲೇ ಬದಲಿಸಿ. ಬಿಚ್ಚಿದ ಹೋಸ್‌ಗಳನ್ನೂ ಡ್ರೈನ್ ತಿರುಪನ್ನೂ ವಾಪಸ್ ಹಾಕಿ. ಥರ್ಮೋಸ್ಟಾಟ್‌ನಲ್ಲಿ ಸಣ್ಣ ಗಾಳಿ ಕವಾಟ ಇದ್ದರೆ ಹಳೆಯದರಲ್ಲಿ ಯಾವ ದಿಕ್ಕಿಗಿತ್ತೋ ಅದೇ ದಿಕ್ಕಿಗೆ ಹಾಕಿ, ಸಾಮಾನ್ಯವಾಗಿ ಅದು ಮೇಲಕ್ಕಿರುತ್ತದೆ.

## ಹಂತ 8: ಕೂಲೆಂಟ್ ತುಂಬಿ, ಗಾಳಿ ಹೊರಹಾಕಿ

ಅಂಗಡಿಯಲ್ಲಿ ಎರಡು ಥರದ ಕೂಲೆಂಟ್ ಸಿಗುತ್ತದೆ. ನೇರ ಸುರಿಯುವುದು ಒಂದು, ನೀರು ಬೆರೆಸಬೇಕಾದ ಗಟ್ಟಿ ಕೂಲೆಂಟ್ ಇನ್ನೊಂದು. ಡಬ್ಬಿ ಓದಿ. ನೇರ ಸುರಿಯುವುದಕ್ಕೆ ನೀರು ಸೇರಿಸಬೇಡಿ. ಗಟ್ಟಿಯದಕ್ಕೆ ಬೆರೆಸಲು ಡಿಸ್ಟಿಲ್ಡ್ ವಾಟರ್ ಬಳಸಿ, ಪೆಟ್ರೋಲ್ ಬಂಕ್‌ನಲ್ಲಿ ಬ್ಯಾಟರಿ ವಾಟರ್ ಅಂತ ಸಿಗುವುದು ಅದೇ. ಬ್ಯಾಟರಿ ಆ್ಯಸಿಡ್ ಕೊಟ್ಟಾರು, ನೋಡಿ ತನ್ನಿ. ನಮ್ಮ ಕೋಲಾರ, ಚಿತ್ರದುರ್ಗದ ಕಡೆಯ ಬೋರ್‌ವೆಲ್ ನೀರು ಬಿಸಿನೀರಿನ ಹಂಡೆಯಲ್ಲಿ ಎಂಥ ಬಿಳಿ ಪದರ ಕಟ್ಟುತ್ತದೆ ಎಂದು ಗೊತ್ತಲ್ಲ, ಎಂಜಿನ್ ಒಳಗೂ ಅದೇ ಕಟ್ಟುತ್ತದೆ.

ಬರೀ ನೀರು ಸಾಕಲ್ವಾ ಎನ್ನುವವರಿಗೆ: ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. ಕೂಲೆಂಟ್ ಕುದಿಯುವ ಬಿಂದುವನ್ನು ಕೆಲವು ಡಿಗ್ರಿ ಏರಿಸುತ್ತದೆ, ತುಕ್ಕು ತಡೆಯುತ್ತದೆ. ಕ್ಯಾಪ್ ಹಿಡಿದಿಡುವ ಒತ್ತಡ ಇನ್ನೂ 20 ಡಿಗ್ರಿಗೂ ಜಾಸ್ತಿ ಏರಿಸುತ್ತದೆ. ಕ್ಯಾಪ್‌ನ ರಬ್ಬರ್ ಸವೆದಿದ್ದರೆ ಹೊಸದು ಹಾಕಿ ಎನ್ನುವುದು ಇದಕ್ಕೇ.

ಈಗ ತುಂಬುವ ಕ್ರಮ. ಬ್ಯಾಟರಿ ವೈರ್ ಜೋಡಿಸಿ, ಚಕ್ರ ಹಾಕಿ, ಕಾರಿನ ಮೂತಿ ಸ್ವಲ್ಪ ಎತ್ತರವಿರುವಂತೆ ನಿಲ್ಲಿಸಿ. ಹೀಟರ್ ಗುಂಡಿಯನ್ನು ಪೂರ್ತಿ ಬಿಸಿ ಕಡೆ ತಿರುಗಿಸಿ. ನಮ್ಮಲ್ಲಿ ಹೀಟರ್ ಯಾರೂ ಬಳಸಲ್ಲ, ಅದಕ್ಕೇ ಈ ಹೆಜ್ಜೆ ಮರೆತುಹೋಗುತ್ತದೆ. ಕೆಲವು ಕಾರಿನಲ್ಲಿ ಗುಂಡಿ ತಣ್ಣನೆ ಕಡೆ ಇದ್ದರೆ ಹೀಟರ್ ಪೈಪಿಗೆ ನೀರೇ ಹರಿಯುವುದಿಲ್ಲ, ಅಲ್ಲಿನ ಗಾಳಿ ಅಲ್ಲೇ ಉಳಿಯುತ್ತದೆ.

ಕೂಲೆಂಟನ್ನು ಸಣ್ಣ ಧಾರೆಯಲ್ಲಿ ಸುರಿಯಿರಿ. ನಡುನಡುವೆ ರೇಡಿಯೇಟರ್‌ನ ಮೇಲಿನ ಹೋಸ್ ಅನ್ನು ಹಿಚುಕಿ ಬಿಡಿ, ಗುಳುಗುಳು ಅಂತ ಗಾಳಿ ಬರುತ್ತದೆ. ಗಾಳಿ ಬಿಡುವ ತಿರುಪು ಇರುವ ಕಾರಾದರೆ ಅದನ್ನು ತೆರೆದು, ಗುಳ್ಳೆಯಿಲ್ಲದ ಧಾರೆ ಬಂದಾಗ ಮುಚ್ಚಿ. ಬಾಯಿವರೆಗೆ ತುಂಬಿದ ಮೇಲೆ ಕ್ಯಾಪ್ ಹಾಕದೆ ಸ್ಟಾರ್ಟ್ ಮಾಡಿ, ಐಡಲ್‌ನಲ್ಲಿ ಬಿಡಿ, ಎಸಿ ಆಫ್ ಇರಲಿ. ಥರ್ಮೋಸ್ಟಾಟ್ ಸಾಮಾನ್ಯವಾಗಿ 82ರಿಂದ 88 ಡಿಗ್ರಿ ಆಸುಪಾಸಿನಲ್ಲಿ ತೆರೆದುಕೊಳ್ಳುತ್ತದೆ. ಅಲ್ಲಿಯವರೆಗೆ ರೇಡಿಯೇಟರ್‌ಗೆ ನೀರು ಹರಿಯುವುದಿಲ್ಲ, ಹಾಗಾಗಿ ಅಷ್ಟರಲ್ಲೇ ತುಂಬಿತು ಅಂತ ಕ್ಯಾಪ್ ಹಾಕಿದವರಿಗೇ ಮುಂದೆ ತೊಂದರೆ. ತೆರೆದ ಕ್ಷಣದಲ್ಲಿ ನೀರಿನ ಮಟ್ಟ ದಿಢೀರ್ ಇಳಿಯುತ್ತದೆ. ಮತ್ತೆ ತುಂಬಿ. ಗುಳ್ಳೆ ನಿಂತ ಮೇಲೆ, ನೀರು ಉಕ್ಕುವ ಮೊದಲು ಕ್ಯಾಪ್ ಹಾಕಿ. ರೇಡಿಯೇಟರ್ ಮೇಲೆ ಕ್ಯಾಪ್ ಇಲ್ಲದ ಕಾರಿನಲ್ಲಿ ಇದನ್ನೆಲ್ಲ ಕೂಲೆಂಟ್ ಟ್ಯಾಂಕಿನಿಂದಲೇ ಮಾಡಬೇಕು.

ಫ್ಯಾನ್ ಎರಡು ಸಲ ಬಂದು ನಿಲ್ಲುವವರೆಗೆ ಓಡಿಸಿ. ಒಳಗೆ ಕೂತು ಹೀಟರ್ ಗಾಳಿ ಮುಟ್ಟಿ ನೋಡಿ. ಎಂಜಿನ್ ಬಿಸಿ ಇದ್ದರೂ ಹೀಟರ್ ಗಾಳಿ ತಣ್ಣಗಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಡ್ಯಾಶ್‌ಬೋರ್ಡ್ ಹಿಂದೆ ನೀರು ಸುರಿಯುವ ಸದ್ದು ಬಂದರೂ ಅಷ್ಟೇ. ಎಂಜಿನ್ ಆರಿಸಿ, ಪೂರ್ತಿ ತಣ್ಣಗಾದ ಮೇಲೆ ಮೊದಲಿನಿಂದ ಮಾಡಿ.

## ಹಂತ 9: ಮೊದಲ ಓಡಾಟ, ಮುಂದಿನ ಎರಡು ವಾರ

ಮೊದಲ ದಿನ ಮನೆಯ ಸುತ್ತ ನಾಲ್ಕೈದು ಕಿಲೋಮೀಟರ್ ಮಾತ್ರ. ಟೆಂಪರೇಚರ್ ಮುಳ್ಳನ್ನೇ ನಂಬಬೇಡಿ. ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಹೇಳುತ್ತದೆ. ನೀರೆಲ್ಲ ಸೋರಿ ಸೆನ್ಸರ್ ಬರೀ ಗಾಳಿಯಲ್ಲಿದ್ದರೆ ಎಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗಿರಬಹುದು. ಎಷ್ಟೋ ಸಣ್ಣ ಕಾರುಗಳಲ್ಲಿ ಮುಳ್ಳೇ ಇಲ್ಲ, ಕೆಂಪು ದೀಪ ಮಾತ್ರ, ಅದು ಹತ್ತುವ ಹೊತ್ತಿಗೆ ತಡವಾಗಿರುತ್ತದೆ. ಕಾರಿನ ಕಂಪ್ಯೂಟರ್ ಓದಿ ಮೊಬೈಲ್‌ನಲ್ಲಿ ತೋರಿಸುವ ಒಬಿಡಿ ಸ್ಕ್ಯಾನರ್ ಇದ್ದರೆ ಡಿಗ್ರಿಯೇ ಕಾಣುತ್ತದೆ. ಫ್ಯಾನ್ ಬಂದ ಮೇಲೂ ಅಂಕಿ ಏರುತ್ತಲೇ ಇದ್ದರೆ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಿ. ಬಿಸಿ ಎಂಜಿನ್‌ಗೆ ತಣ್ಣೀರು ಹಾಕಬೇಡಿ, ಹೆಡ್ ಬಗ್ಗುತ್ತದೆ.

ಮರುದಿನ ಬೆಳಿಗ್ಗೆ ಟ್ಯಾಂಕಿನ ಮಟ್ಟ ಸ್ವಲ್ಪ ಇಳಿದಿರುತ್ತದೆ. ಉಳಿದ ಗಾಳಿ ಹೊರಹೋಗಿ ರೇಡಿಯೇಟರ್ ಕೂಲೆಂಟ್ ಎಳೆದುಕೊಂಡಿದೆ, ಗಾಬರಿ ಬೇಡ. ಮೇಲಿನ ಗೆರೆಯವರೆಗೆ ತುಂಬಿ. ಮೂರನೇ ದಿನವೂ, ಐದನೇ ದಿನವೂ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ. ರಾತ್ರಿ ಪಂಪ್ ಕೆಳಗೆ ನೆಲದ ಮೇಲೆ ರಟ್ಟು ಹಾಸಿಡಿ, ಬೆಳಿಗ್ಗೆ ಹನಿ ಬಿದ್ದ ಜಾಗ ತೋರಿಸುತ್ತದೆ. ಪಂಪ್‌ನ ಸಣ್ಣ ತೂತಿನಲ್ಲಿ ಮೊದಲ ದಿನ ಒಂದೆರಡು ಹನಿ ಕಂಡು ನಿಂತರೆ ಹೊಸ ಸೀಲ್ ಹೊಂದಿಕೊಳ್ಳುತ್ತಿದೆ ಅಷ್ಟೇ. ಅಂಚಿನ ಸುತ್ತ ಒದ್ದೆ ಕಂಡರೆ ಬೋಲ್ಟ್ ಇನ್ನಷ್ಟು ಬಿಗಿ ಮಾಡಿ ಪ್ರಯೋಜನವಿಲ್ಲ, ಬಿಚ್ಚಿ ಐದನೇ ಹಂತಕ್ಕೆ ಹೋಗಿ. ಹೊಸ ಫ್ಯಾನ್ ಬೆಲ್ಟ್ ಹಾಕಿದ್ದು, ಅದು ಕೈಯಲ್ಲಿ ಬಿಗಿ ಮಾಡುವ ಥರದ್ದಾಗಿದ್ದರೆ ಎರಡು ವಾರದ ನಂತರ ಇನ್ನೊಮ್ಮೆ ಬಿಗಿ ನೋಡಿ, ಹೊಸ ಬೆಲ್ಟ್ ಸ್ವಲ್ಪ ಜಗ್ಗುತ್ತದೆ.